ಅಂತೆ

ಹತ್ತನೆಯ ಬಿ ವಿಭಾಗ, ಊಟದ ನಂತರದ ಪಿರಿಯಡ್ಡು.
ಕೋಡಿಬಾಗದ ಕಡೆಯಿಂದ ಗಾಳಿ, ಗಾಳಿಯಲ್ಲಿ ಒಣಸೀಗಡಿ.
ಬೋರ್ಡಿನ ಮೇಲೆ ಬರೆದೆ: ಮುಖ ಕಮಲದಂತೆ ಅರಳಿತು.
ಕಮಲ ನೋಡಿದವರು ಕೈಯೆತ್ತಿ, ಎಂದೆ.
ಎತ್ತಿದವರು ಇಬ್ಬರೇ.
ಅದರಲ್ಲೊಬ್ಬ ನೋಡಿದ್ದು ಗೋಡೆಯ ಮೇಲೆ.

ಘಟ್ಟದ ಮೇಲಿನವನು ನಾನು. ಕಾರವಾರಕ್ಕೆ ಬಂದು
ಮೀನು ತಿನ್ನುವುದನ್ನು ಕಲಿತೆ,
ಮುಳ್ಳು ಬಿಡಿಸುವುದನ್ನು ಇನ್ನೂ ಇಲ್ಲ.
ಕಮಲ ಒರೆಸಿ, ಊರಿಗೆ ತಕ್ಕ ಹಾಗಿರಲೆಂದು
ಕಣ್ಣು ಮೀನಿನಂತೆ ಹೊಳೆಯಿತು, ಎಂದು ತಿದ್ದಿದೆ.
ಹಿಂದಿನ ಬೆಂಚು ಕೇಳಿತು:
ಯಾವ ಮೀನು ಸರ್? ಇವತ್ತಿನದೋ, ಐಸಿನದೋ?

ನಗು ಇಳಿಯುವವರೆಗೆ ಸೀಮೆಸುಣ್ಣ ಹುಡುಕಿದೆ.
ಆಮೇಲೆ ಎಂದಿನ ಪಾಠ:
ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮ.
ನಾಲ್ಕೂ ಇದ್ದರೆ ಪೂರ್ಣೋಪಮೆ,
ಒಂದು ತಪ್ಪಿದರೂ ಲುಪ್ತ.
ಒಬ್ಬ ಬರದಿದ್ದರೂ ದೋಣಿ ಹೊರಡುತ್ತದಲ್ಲ, ಹಾಗೆ.
ಯಾರೂ ನಗಲಿಲ್ಲ ಈ ಸಲ.

ಸಂಜೆ ಮಾರ್ಕೆಟ್ಟಿನಲ್ಲಿ ಚಂದ್ರಭಾಗಿ ತಾಂಡೇಲ,
ಬುಟ್ಟಿಯ ಮುಂದೆ ಕೂತ ಅತಿಶಯೋಕ್ತಿ.
ಇದು ನಿನ್ನೆಯದಲ್ಲವೇ ಅಂದರೆ
ಮಾಸ್ತರೆ, ಸತ್ತದ್ದು ಇದಕ್ಕಿನ್ನೂ ಗೊತ್ತಿಲ್ಲ,
ನೀವು ಗಟ್ಟಿಯಾಗಿ ಹೇಳಬೇಡಿ, ಎನ್ನುವಳು.
ಆ ಇಸ್ವಣ ತೂಗಲು ತಕ್ಕಡಿ ಸಾಲದು,
ಕಾಳಿ ಸೇತುವೆಗೇ ನೇತುಹಾಕಬೇಕಂತೆ!

ತಾಂಡೇಲ ಅಂದರೆ ದೋಣಿ ನಡೆಸುವವನು.
ತಾಂಡೇಲ ಅಂದರೆ ರೇಷನ್ ಕಾರ್ಡಿನ ಅಡ್ಡಹೆಸರು.
ಶ್ಲೇಷ, ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.
ಒಂದು ಅರ್ಥದ ದೋಣಿ ಮಾರಿ
ಎಷ್ಟು ವರ್ಷವಾಯಿತೆಂದು ಕೇಳಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆ. ನಾಲ್ಕು ಅಂಕದ ಪ್ರಶ್ನೆ:
ಉಪಮಾಲಂಕಾರಕ್ಕೆ ಸ್ವಂತ ಉದಾಹರಣೆ ಕೊಟ್ಟು ವಿವರಿಸಿ.
ಅವಳ ಮೊಮ್ಮಗಳು ವನಿತಾ ಬರೆದಿದ್ದಾಳೆ,
ಗೆರೆಯ ಮೇಲೆ ಕೂತ ದುಂಡು ಅಕ್ಷರ:

ನಮ್ಮ ಕಾಲನಿ ನಮ್ಮ ಊರಿನಂತೆ ಇದೆ.
ಉಪಮೇಯ: ಕಾಲನಿ, ಗುಡ್ಡದ ಬದಿಯ ಸೈಟುಗಳು,
ಬೋರ್ಡಿನ ಮೇಲೆ ಊರಿನದೇ ಹೆಸರು.
ಉಪಮಾನ: ಊರು. ಈಗ ಅದು ಬೇಲಿಯ ಒಳಗಿದೆ,
ಪಾಸು ಇದ್ದವರಿಗೆ ಕಾಣುತ್ತದೆ. ನಾನು ನೋಡಿಲ್ಲ.
ವಾಚಕಪದ: ಅಂತೆ.
ಸಮಾನಧರ್ಮ:

ಅಲ್ಲಿ ಖಾಲಿ. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ, ಸಣ್ಣಗೆ:
ಉದಾಹರಣೆ ಮೊದಲೇ ಯೋಚಿಸಿಟ್ಟಿದ್ದೆ ಸರ್,
ಇದನ್ನು ಅಜ್ಜಿಗೆ ಕೇಳಿದೆ. ಅವಳೂ ಬಿಟ್ಟಳು.

ಕೆಂಪು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ತೆಗೆದು,
ಆ ಒಂದೇ ಪದದ ಮೇಲೆ ಕೂತೆ.
ಇಪ್ಪತ್ತೆರಡು ವರ್ಷ ಕಲಿಸಿದ್ದೇನೆ
ಅಂತೆ ಅಂದರೆ ಹಾಗೆ, ಹೋಲಿಕೆಯ ಕೊಂಡಿ ಎಂದು.
ಕಾಲನಿಯ ಕಟ್ಟೆಯ ಮೇಲೆ ಅದಕ್ಕೆ ಬೇರೆ ಕೆಲಸ:
ಬಾಕಿ ಕಂತು ಬರುತ್ತದಂತೆ.
ಮನೆಗೊಬ್ಬರಿಗೆ ನೌಕರಿಯಂತೆ.
ಹಳೇ ಬಾವಿಯಲ್ಲಿ ಇನ್ನೂ ಸಿಹಿನೀರಂತೆ.
ಯಾರು ಹೇಳಿದರು? ಹೇಳಿದರಂತೆ.
ಇಷ್ಟು ದೂರ ಇರುವ ಎರಡನ್ನು
ಎರಡಕ್ಷರ ಹೇಗೆ ಹಿಡಿದಿಟ್ಟೀತು,
ಹಿಡಿದದ್ದಾದರೂ ಹೋಲಿಕೆಯೋ, ಸುದ್ದಿಯೋ.

ಒಂದು ಅಂಗ ಲುಪ್ತವಾದರೆ ಒಂದು ಅಂಕ ಕಡಿತ,
ನಿಯಮದಂತೆ.
ನೋಡಿ, ಅಲ್ಲೂ ಬಂದು ಕೂತಿದೆ.
ಮೂರು ಎಂದು ಬರೆದೆ. ಸುತ್ತು ಹಾಕಿದೆ.
ಲುಪ್ತೋಪಮೆಯೂ ಉಪಮೆಯೇ ಎಂದು
ಕಲಿಸಿದವನು ನಾನೇ ಎಂಬುದು
ಸುತ್ತು ಹಾಕಿದ ಮೇಲೆ ಹೊಳೆಯಿತು.

ಶನಿವಾರ ಚಂದ್ರಭಾಗಿ ತಲೆಯೆತ್ತಲಿಲ್ಲ.
ಮೊಮ್ಮಗಳಿಗೆ ನಾಲ್ಕಕ್ಕೆ ಮೂರು ಕೊಟ್ಟಿರಂತೆ?
ನಾಲ್ಕು ಬಂಗಡೆಯ ದುಡ್ಡು ಎಣಿಸಿ ಸೆರಗಿಗೆ ಕಟ್ಟಿದಳು,
ಚೀಲಕ್ಕೆ ಮೂರು ಹಾಕಿದಳು.
ಇನ್ನೊಂದು?

ಅದು ನೀರಲ್ಲೇ ಉಳೀತು ಮಾಸ್ತರೆ.